ರಾಮಾಚಾರಿಯ ಸಿಟ್ಟು ಯಾರನ್ನು ಕಚ್ಚಿತು?

ನಮ್ಮ ತಳಕನ್ನು ಹೆಸರಲ್ಲೇ ಹೊತ್ತವರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ 'ನಾಗರಹಾವು' ದುರ್ಗದ ಸೀಮೆಯಲ್ಲಿ ಇವತ್ತಿಗೂ ಹಳತಾಗಿಲ್ಲ. ಪುಟ್ಟಣ್ಣ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಅಂದರೆಂಬ ಮಾತಿದೆ. ಸಿನಿಮಾದಲ್ಲೂ ವಿಷ ಇದೆ ಅಂತೀವಿ ನಾವು. ಅದು ಯಾರನ್ನು ಕಚ್ಚಿತು ಅನ್ನೋದೇ ಪ್ರಶ್ನೆ.

ರಾಮಾಚಾರಿ ಕೈ ಎತ್ತಿದರೆ ಶಿಳ್ಳೆ ಹಾಕ್ತೀವಿ. ಕೋಟೆಯ ಬಂಡೆ, ಬಣ್ಣ, ವಿಷ್ಣುವರ್ಧನ್ ನಡಿಗೆ, ಎಲ್ಲ ಚಂದ. ಕಥೆ ಏನು ಹೇಳುತ್ತೆ? ಜಾತಿ ಬೇರೆ ಅಂತ ಅಲಮೇಲು ಸಿಗಲಿಲ್ಲ. ಬಿಟ್ಟುಬಿಡು ಅಂದವರು ಪ್ರೀತಿಯ ಚಾಮಯ್ಯ ಮೇಷ್ಟ್ರು. ಹುಡುಗ ತಲೆಬಾಗಿದ. ಅಲಮೇಲು ಮೈ ಮಾರುವ ಗತಿಗೆ ಬಂದಳು. ಆಮೇಲೆ ಕ್ರೈಸ್ತರ ಹುಡುಗಿ ಮಾರ್ಗರೆಟ್. ಅದಕ್ಕೂ ಮೇಷ್ಟ್ರು ಒಪ್ಪಲಿಲ್ಲ. ಕೊನೆಗೆ ಬೆಟ್ಟದ ಮೇಲಿಂದ ಮೂರು ಹೆಣ.

ಇದೇ ಸಿನಿಮಾದ ಒಂದು ಹಾಡಿನಲ್ಲಿ ನಮ್ಮ ಛಲವಾದಿ ಹೆಣ್ಣುಮಗಳು ಓಬವ್ವ ಬರ್ತಾಳೆ. ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರ ಮೇಲೆ ಒನಕೆ ಎತ್ತಿದಾಗ ಶತ್ರು ಯಾರು ಅಂತ ಆಕೆಗೆ ಗೊತ್ತಿತ್ತು. ರಾಮಾಚಾರಿಗೆ ಗೊತ್ತಾಗಲಿಲ್ಲ. ಅವನ ಸಿಟ್ಟು ತಿರುಗಿ ಅವನನ್ನೇ ಕಚ್ಚಿತು. ಜಾತಿಗೆ ಒಂದು ಗೀರೂ ಬೀಳಲಿಲ್ಲ. ಸಾವನ್ನು ಅಷ್ಟು ಚಂದ ತೋರಿಸಿದರೆ ಕೊಂದದ್ದು ಯಾವುದು ಅನ್ನೋದೇ ಮರೆತುಹೋಗುತ್ತೆ.

ಗೆಳೆಯರೇ, ನೋಡಬೇಡಿ ಅಂತ ನಾವು ಹೇಳೋದಿಲ್ಲ. ನೋಡಿ, ಶಿಳ್ಳೆನೂ ಹಾಕಿ. ಹಾಸ್ಟೆಲ್ಲಿಗೆ ಬಂದ ಮೇಲೆ ಮಾತ್ರ, ಚಾಮಯ್ಯ ಮೇಷ್ಟ್ರು ಹೇಳಿದ್ದು ಸರಿಯಾ ಅಂತ ಒಂದು ರಾತ್ರಿ ಕೂತು ಜಗಳ ಆಡಿ.