ನಮ್ಮ ಡೀಫಾಲ್ಟ್ ಸೆಟ್ಟಿಂಗ್

ನಾನು ಕೋಡ್ ಬರೆಯುವವನು. ಕೌನ್ಸೆಲಿಂಗ್ ಬಗ್ಗೆ ಯೋಚಿಸೋಕೆ ಶುರು ಮಾಡಿದ್ದು ಚಿಕ್ಕಪ್ಪನ ಮಗಳು ಅದನ್ನೇ ಓದೋಕೆ ಅಮೆರಿಕಕ್ಕೆ ಹೋದ ಮೇಲೆ. ಮನಸ್ಸಿನ ಮಾತು ಕೇಳೋದನ್ನು ಕಲಿಯೋಕೆ ಅಷ್ಟು ದೂರ ಯಾಕೆ ಅಂತ ಮನೆಯಲ್ಲಿ ಎಲ್ಲರೂ ಕೇಳಿದ್ದರು.

ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು 1982ರಲ್ಲೇ ಹೇಳಿದ್ದರು: ಬೇರೆ ಸಂಸ್ಕೃತಿಯವರ ಜೊತೆ ಕೆಲಸ ಮಾಡುವ ಕೌನ್ಸೆಲರ್‌ಗೆ ತನ್ನ ನಂಬಿಕೆಗಳ ಅರಿವು, ಎದುರಿಗಿರುವವರ ಬದುಕಿನ ತಿಳಿವಳಿಕೆ, ಅದಕ್ಕೆ ತಕ್ಕ ಕೌಶಲ ಮೂರೂ ಬೇಕು. ಕೊನೆಯ ಎರಡನ್ನು ಕ್ಲಾಸಿನಲ್ಲೂ ಕಲಿಯಬಹುದು. ಮೊದಲನೆಯದು ಕಷ್ಟ. ಊರಲ್ಲೇ ಇದ್ದರೆ ನಮ್ಮ ಡೀಫಾಲ್ಟ್ ಸೆಟ್ಟಿಂಗ್ ನಮಗೆ ಕಾಣೋದೇ ಇಲ್ಲ.

ತಂಗಿಗೆ ಅದು ಕಂಡಿದ್ದು ಅಲ್ಲಿ. ಹದಿನೆಂಟು ದಾಟಿದ ಹುಡುಗ ಹೇಳಿಕೊಂಡದ್ದನ್ನು ಅವನ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಹೆತ್ತಮ್ಮನಿಗೂ ಹೇಳುವಂತಿಲ್ಲ. ನಮ್ಮಲ್ಲಿ ಅಪ್ಪ-ಅಮ್ಮ ಜೊತೆಗೇ ಒಳಗೆ ಬಂದು ಕೂರುತ್ತಾರೆ. ನಿಮ್ಹಾನ್ಸ್‌ನಲ್ಲಂತೂ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಯಾವುದು ಸರಿ? "ಮೊದಲು ಎದುರಿಗಿರೋರನ್ನ ಕೇಳ್ಬೇಕು ಅಣ್ಣ" ಅಂತಾಳೆ ಅವಳು. ಅತ್ತೆಮನೆಯಲ್ಲಿ ನರಳುವ ಸೊಸೆಗೆ "ಬೇರೆ ಮನೆ ಮಾಡಿ" ಅನ್ನೋದು ಸುಲಭ. ಆ ಸಲಹೆಯಿಂದ ಅವಳಿಗೆ ತವರೂ ದೂರವಾದರೆ?

ಹಾಗಂತ ವಿಮಾನ ಹತ್ತಿದ ಕೂಡಲೇ ಈ ಗುಣ ಬರಲ್ಲ. ನಮ್ಮವರ ಜೊತೆಗೇ ಇದ್ದು, ಚಿತ್ರಾನ್ನ ತಿಂದು, ಪರೀಕ್ಷೆ ಬರೆದು ವಾಪಸ್ ಬರಬಹುದು. ಅಮೆರಿಕದಲ್ಲಿ ಕೇಕ್ರೆಪ್ ಮಾನ್ಯತೆಯಿರುವ ಕೋರ್ಸುಗಳಲ್ಲಿ ಕನಿಷ್ಠ 100 ಗಂಟೆ ಪ್ರಾಕ್ಟಿಕಮ್, 600 ಗಂಟೆ ಇಂಟರ್ನ್‌ಶಿಪ್ ಕಡ್ಡಾಯ, ಅದೂ ಹಿರಿಯರ ಮೇಲ್ವಿಚಾರಣೆಯಲ್ಲಿ. ನಿಮ್ಮ ಮಕ್ಕಳು ಈ ಓದಿಗೆ ಹೊರಟರೆ ರ‍್ಯಾಂಕಿಂಗ್ ಜೊತೆಗೆ ಇದನ್ನೂ ವಿಚಾರಿಸಿ: ಆ ಗಂಟೆಗಳು ಎಂಥ ಜನರ ನಡುವೆ ಕಳೆಯುತ್ತವೆ?