ನಂಬರ್ ಪ್ಲೇಟಿನ ಮೇಲೆ ಸೈನಿಕ

"ಸರ್, ಗಾಡಿ ಮೇಲೆ ‘ಆರ್ಮಿ’ ಅಂತ ಹಚ್ಚಿದವರೆಲ್ಲ ಸೈನಿಕರೇನ್ರೀ?" ಅಂತ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ. ಎಲ್ಲಿಯ ಸೈನಿಕರು! ಜತ್ತ ಪೇಟೆಯಲ್ಲಿ ಒಂದು ತಾಸು ನಿಂತು ನೋಡಿ. ಅಣ್ಣ ಸೈನ್ಯದಲ್ಲಿದ್ದರೆ ತಮ್ಮನ ಬೈಕಿಗೆ ಸ್ಟಿಕರ್, ಮಾವ ಇದ್ದರೆ ಅಳಿಯನ ಜೀಪಿಗೆ. ಯಾರೂ ಇಲ್ಲದಿದ್ದರೂ ನಡೆಯುತ್ತದೆ, ಅಂಗಡಿಯವನು ದಾಖಲೆ ಕೇಳುವುದಿಲ್ಲವಲ್ಲ.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ನಂಬರ್ ಪ್ಲೇಟ್ ಆಯಾ ರಾಜ್ಯಕ್ಕೆ ಬಿಟ್ಟ ವಿಷಯ, ಮಾಜಿ ಸೈನಿಕರಿಗೆ ರಾಜ್ಯಗಳೇ ಬೇರೆ ಪ್ಲೇಟ್ ಕೊಡುತ್ತವೆ. ಯುದ್ಧದಲ್ಲಿ ಗಾಯಗೊಂಡು ‘ಪರ್ಪಲ್ ಹಾರ್ಟ್’ ಪದಕ ಪಡೆದವರಿಗೆ ಒಂದು, ಸೆರೆ ಸಿಕ್ಕು ಮರಳಿದವರಿಗೆ ಇನ್ನೊಂದು. ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಯವರಿಗೆ ‘ಗೋಲ್ಡ್ ಸ್ಟಾರ್’ ಪ್ಲೇಟ್. ಆದರೆ ಬೇಕೆಂದವರಿಗೆಲ್ಲ ಸಿಗುವುದಿಲ್ಲ. ಸೈನ್ಯದಿಂದ ಬಿಡುಗಡೆಯಾದ ಪತ್ರವನ್ನೋ ಪದಕದ ದಾಖಲೆಯನ್ನೋ ತೋರಿಸಬೇಕು. ಆ ತಗಡಿಗೆ ಬೆಲೆ ಬಂದದ್ದು ಆ ಕಾಗದದಿಂದ.

ನಮ್ಮಲ್ಲಿ ಸೈನ್ಯದ ಸ್ವಂತ ವಾಹನಗಳಿಗೆ ಮಾತ್ರ ಬೇರೆ ನಂಬರ್, ಮೇಲ್ಮುಖದ ಬಾಣದ ಗುರುತು ಇರುತ್ತದಲ್ಲ, ಅದೇ. ನಿವೃತ್ತರ ಖಾಸಗಿ ಗಾಡಿಗೆ ಅಂಥದ್ದೇನೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪ್ಲೇಟಿನ ಮೇಲೆ ನಮಗೆ ಬೇಕಾದ್ದನ್ನು ಬರೆಸುವಂತೆಯೂ ಇಲ್ಲ. ಇದ್ದುದರಲ್ಲಿ ನನಗೆ ಸರಿ ಕಂಡದ್ದು ಟೋಲ್ ನಾಕಾದ ಪದ್ಧತಿ. ಪರಮವೀರ ಚಕ್ರದಿಂದ ಶೌರ್ಯ ಚಕ್ರದವರೆಗಿನ ಪದಕ ಪಡೆದವರು ಫೋಟೋ ಇರುವ ಗುರುತಿನ ಚೀಟಿ ತೋರಿಸಿದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಂಕವಿಲ್ಲ. ಅಲ್ಲಿ ಸ್ಟಿಕರ್ ನಡೆಯುವುದಿಲ್ಲ.

ಹಾಗಾದರೆ ಮಾಜಿ ಸೈನಿಕರಿಗೂ ಸರ್ಕಾರವೇ ಒಂದು ಪ್ಲೇಟ್ ಯಾಕೆ ಕೊಡಬಾರದು? ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಅವರ ಗುರುತಿನ ಚೀಟಿಯ ದಾಖಲೆ ಇದ್ದೇ ಇದೆ. ಊರೂರು ವರ್ಗವಾಗುವವರಿಗೆಂದು ಕೇಂದ್ರ 2021ರಲ್ಲಿ ‘ಬಿಎಚ್’ ಸರಣಿ ತಂದಿತಲ್ಲ, ಮನಸ್ಸು ಮಾಡಿದರೆ ಇದೂ ಆದೀತು. ಆದದ್ದೇ ಆದರೆ ಖೊಟ್ಟಿ ಸ್ಟಿಕರಿನವರಿಗೆ ದಂಡವೂ ಬೀಳಲಿ.

ಆದರೂ ಒಂದು ಮಾತು. ಪ್ಲೇಟ್ ಹಚ್ಚಲು ಗಾಡಿಯಾದರೂ ಬೇಕಲ್ಲ! ನಮ್ಮ ಭಾಗದಿಂದ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರಕ್ಕೆ ಹೋಗಿ ತರಬೇತಿ ಪಡೆದು, ಸೇವೆ ಮುಗಿಸಿ ಬಂದು, ಈಗ ಜೋಳದ ಹೊಲದಲ್ಲಿ ನಡೆದಾಡುವ ಮುದುಕರಿಗೆ ಯಾವ ಪ್ಲೇಟ್? ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಹಳ್ಳಿಯ ಮಾಜಿ ಸೈನಿಕರಿಗೆ ಮನೆಪಟ್ಟಿ ಮಾಫಿ ಮಾಡಿತು, ಒಳ್ಳೆಯದೇ. ಆದರೆ ಅದು ಪಂಚಾಯಿತಿ ರಸೀದಿಯಲ್ಲಷ್ಟೇ ಕಾಣುತ್ತದೆ.

ನಮ್ಮ ಕನ್ನಡ ಶಾಲೆಗಳಲ್ಲಿ ಓದಿ ಸೈನ್ಯ ಸೇರಿದವರ ಹೆಸರು ಜನರಲ್ ರಜಿಸ್ಟರಿನಲ್ಲಿ ಇದ್ದೇ ಇವೆ. ಗುರುಗಳೇ, ಊರ ಹಿರಿಯರನ್ನು ಕೇಳಿ ಅವರು ಯಾರ್ಯಾರೆಂದು ಗುರುತಿಸಿ, ದಾಖಲೆ ನೋಡಿಯೇ ಒಂದು ಫಲಕದ ಮೇಲೆ ಬರೆಸಿ ಶಾಲೆಯ ಬಾಗಿಲ ಪಕ್ಕ ಹಾಕೋಣ. ಪ್ರವೇಶ ಸಂಖ್ಯೆಯನ್ನೂ ಸೇರಿಸಿ. ತನ್ನ ಅಜ್ಜನ ಹೆಸರನ್ನು ಹುಡುಗ ತಾನೇ ಹುಡುಕಿಕೊಳ್ಳಲಿ.