ಸಂಧಾನವೂ ಸಂಧಾನಶಾಸ್ತ್ರವೂ

ದೂತರಲ್ಲಿ ಮೂರು ಬಗೆಯೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ: ಪೂರ್ಣಾಧಿಕಾರವುಳ್ಳ ನಿಸೃಷ್ಟಾರ್ಥ, ಮಿತವಾದ ಅಧಿಕಾರದ ಪರಿಮಿತಾರ್ಥ, ಒಡೆಯನ ಓಲೆಯನ್ನಷ್ಟೇ ಒಯ್ಯುವ ಶಾಸನಹರ. ಅವನ ಎಣಿಕೆಯಲ್ಲಿ ಮೊದಲನೆಯವನೇ ಹಿರಿಯ. ಅಮೆರಿಕದ ಥಾಮಸ್ ಶೆಲ್ಲಿಂಗ್ 1960ರಲ್ಲಿ ಪ್ರಕಟಿಸಿದ ಗ್ರಂಥವೋ ಈ ಎಣಿಕೆಯನ್ನು ತಲೆಕೆಳಗು ಮಾಡಿದಂತಿದೆ. ‘ಇದಕ್ಕಿಂತ ಹೆಚ್ಚು ಬಿಟ್ಟುಕೊಡುವ ಅಧಿಕಾರ ನನಗಿಲ್ಲ’ ಎಂದು ನಂಬಿಸಬಲ್ಲವನಿಗೇ ಚೌಕಾಸಿಯಲ್ಲಿ ಬಲ ಹೆಚ್ಚೆಂಬುದು ಆತನ ವಾದ.

ಇಂಥ ವಾದಗಳನ್ನು ಒರೆಗೆ ಹಚ್ಚಲು 1978ರ ಸೆಪ್ಟೆಂಬರಿನಲ್ಲಿ ಹದಿಮೂರು ದಿನ ನಡೆದ ಕ್ಯಾಂಪ್ ಡೇವಿಡ್ ಸಂಧಾನಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಈಜಿಪ್ಟಿನ ಅಧ್ಯಕ್ಷ ಸಾದತ್ ನಿಸೃಷ್ಟಾರ್ಥನಂತೆ ಬಂದರು. ಇಸ್ರೇಲಿನ ಪ್ರಧಾನಿ ಬೆಗಿನ್, ಸಿನಾಯ್‌ನ ವಸಾಹತುಗಳನ್ನು ತೆಗೆಯುವ ಮಾತು ತಮ್ಮ ಸಂಸತ್ತಿಗೆ ಸೇರಿದ್ದೆಂದು ಹೇಳಿ ಪರಿಮಿತಾರ್ಥರಾದರು. ಶೆಲ್ಲಿಂಗ್ ಇದನ್ನು ಮೆಚ್ಚಿಯಾರು. ಸಂಧಾನಕಾರ ಎದುರಾಳಿಯೊಡನೆಯೂ ಸ್ವಜನರೊಡನೆಯೂ ಏಕಕಾಲದಲ್ಲಿ ಆಡುತ್ತಾನೆಂದು 1988ರಲ್ಲಿ ಬರೆದ ರಾಬರ್ಟ್ ಪಟ್ನಮ್ ಅವರಿಗೂ ಇದು ಒಪ್ಪುವ ಮಾತೇ.

ಆದರೆ ಈ ಸಂಧಾನಕ್ಕೆ ಹೆಚ್ಚು ಪ್ರಸಿದ್ಧಿ ತಂದದ್ದು ಫಿಷರ್ ಮತ್ತು ಯೂರಿ ಅವರ 1981ರ ಪುಸ್ತಕ. ಹಟವನ್ನು ನೋಡಬೇಡಿ, ಹಟದ ಹಿಂದಿನ ಹಿತವನ್ನು ನೋಡಿ ಎಂಬುದು ಅವರ ಸೂತ್ರ. 1967ರಲ್ಲಿ ಕಳೆದುಕೊಂಡ ಸಿನಾಯ್ ಈಜಿಪ್ಟಿಗೆ ಪೂರ್ತಿ ಬೇಕಿತ್ತು. ಇಸ್ರೇಲಿಗೆ ಗಡಿಯಲ್ಲಿ ಶತ್ರುವಿನ ಟ್ಯಾಂಕುಗಳು ಬೇಡವಾಗಿದ್ದವು. ನೆಲ ಈಜಿಪ್ಟಿಗೆ, ಅದರ ಬಹುಭಾಗದಲ್ಲಿ ಸೈನ್ಯಕ್ಕೆ ಕಡಿವಾಣ. ನಕ್ಷೆಯಲ್ಲಿ ಎಲ್ಲಿ ಗೆರೆ ಎಳೆದರೂ ಬಗೆಹರಿಯದಿದ್ದುದು ಹೀಗೆ ಬಗೆಹರಿಯಿತು. (ಮಾತು ಮುರಿದುಬೀಳುವಂತಿದ್ದಾಗ ಕಾರ್ಟರ್, ಬೆಗಿನ್ನರ ಮೊಮ್ಮಕ್ಕಳ ಹೆಸರು ಬರೆದ ಭಾವಚಿತ್ರಗಳನ್ನು ಅವರ ಕೈಗಿತ್ತರಂತೆ. ಇದು ಯಾವ ಸೂತ್ರಕ್ಕೆ ಸೇರಬೇಕೋ!)

ನನ್ನ ತಕರಾರು ಇಲ್ಲಿದೆ. ಕ್ಯಾಂಪ್ ಡೇವಿಡ್‌ನಲ್ಲಿ ಸಹಿಯಾದ ಪತ್ರಗಳು ಎರಡು. ಇನ್ನೊಂದು ಪಶ್ಚಿಮ ದಂಡೆ ಮತ್ತು ಗಾಜಾದ ಜನರ ಸ್ವಯಮಾಡಳಿತವನ್ನು ಕುರಿತದ್ದು. ಆ ಜನರ ಪ್ರತಿನಿಧಿ ಒಬ್ಬನೂ ಅಲ್ಲಿರಲಿಲ್ಲ. ಮೊದಲನೆಯದು 1979ರ ಮಾರ್ಚಿನಲ್ಲಿ ಶಾಂತಿ ಒಪ್ಪಂದವಾಗಿ, 1982ರಲ್ಲಿ ಸಿನಾಯ್ ತೆರವಾಯಿತು. ಎರಡನೆಯದರ ಮಾತುಕತೆ ಫಲಿಸದೆ ನಿಂತುಹೋಯಿತು. ಮೇಜಿನ ಮುಂದೆ ಕುಳಿತವರ ಹಿತಗಳನ್ನು ಕೂಡಿಸಿ ಕಳೆಯುವ ಸೂತ್ರ, ಬರದವರ ಹಿತವನ್ನು ಎಲ್ಲಿ ಬರೆದುಕೊಳ್ಳುತ್ತದೆ? ಈಜಿಪ್ಟಿನ ವಿದೇಶಾಂಗ ಸಚಿವ ಕಾಮೆಲ್ ಅಂದೇ ಒಪ್ಪಂದವನ್ನು ವಿರೋಧಿಸಿ ರಾಜೀನಾಮೆಯಿತ್ತರು. ಸಿನಾಯ್‌ನ ಉದಾಹರಣೆಯನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರು ಆ ಎರಡನೆಯ ಪತ್ರವನ್ನೂ ಅದರೊಡನೆ ಓದಿಸಬೇಕೆಂದು ಕೋರುತ್ತೇನೆ.